ಸಪ್ತಾಪುರದ ಝೆರಾಕ್ಸ್ ಅಂಗಡಿ: ಒಂದು ಕಿರುಚಿತ್ರ ಮೂರು ಸಲ ಬರೆಸಿಕೊಂಡ ಪ್ರಕರಣ

ಹಿನ್ನೆಲೆ

ಧಾರವಾಡದ ಒಂದು ಹವ್ಯಾಸಿ ನಾಟಕ ತಂಡ 24 ನಿಮಿಷದ ಕಿರುಚಿತ್ರ ತೆಗೆಯಿತು. ಅದರ ನಾಯಕ ಸಲಿಂಗಿ. ವಯಸ್ಸು 32, ರೋಣ ತಾಲೂಕಿನ ಹಳ್ಳಿಯವನು. ನೌಕರಿ ಪರೀಕ್ಷೆಗೆ ಓದಲು ಧಾರವಾಡದ ಸಪ್ತಾಪುರ ಬಡಾವಣೆಗೆ ಬಂದು, ಪರೀಕ್ಷೆಗಳು ಕೈಕೊಟ್ಟ ಮೇಲೆ ಅಲ್ಲಿಯೇ ಕೋಚಿಂಗ್ ಹುಡುಗರಿಗೆ ನೋಟ್ಸ್ ಝೆರಾಕ್ಸ್ ಮಾಡಿಕೊಡುವ ಅಂಗಡಿ ಹಾಕಿದ್ದಾನೆ. ಅತಿಥಿ ಶಿಕ್ಷಕನಾಗಿರುವ ಗೆಳೆಯನ ಜೊತೆ ಆರು ವರ್ಷದಿಂದ ಒಂದೇ ಖೋಲಿಯಲ್ಲಿದ್ದಾನೆ. ಊರಲ್ಲಿ ತಾಯಿ ಕನ್ಯಾ ಹುಡುಕುತ್ತಿದ್ದಾಳೆ. ಕಥೆ ಇಷ್ಟೇ.

ಈ ಎಳೆ ಮೂರು ಕರಡುಗಳಲ್ಲಿ ಮೂರು ಬೇರೆ ಚಿತ್ರಗಳಾಯಿತು. ಸಿನಿಮಾ ಮತ್ತು ಟಿವಿ ಸಲಿಂಗಿಗಳನ್ನು ತೋರಿಸಿದ ರೀತಿ ನೂರು ವರ್ಷದಲ್ಲಿ ಹಾದುಬಂದ ಮಜಲುಗಳನ್ನು ಈ ತಂಡ ತನಗರಿವಿಲ್ಲದೆ ತಾನೂ ಹಾದುಬಂತು. ಇಂಥ ಪಾತ್ರ ಬರೆಯುವವರಿಗೆ, ಆಡುವವರಿಗೆ, ಚಿತ್ರ ತೋರಿಸಿ ಚರ್ಚೆ ನಡೆಸುವವರಿಗೆ ಉಪಯೋಗವಾಗಲಿ ಎಂದು ತಂಡದ ಒಪ್ಪಿಗೆ ಪಡೆದು ಈ ವಿವರ ಬರೆಯಲಾಗಿದೆ. ಹೆಸರುಗಳಿಲ್ಲ. ಕೆಲವರ ಉದ್ಯೋಗ, ಊರು ಬದಲಿಸಿದೆ.

ತಂಡದಲ್ಲಿ ಒಂಬತ್ತು ಜನ. ಮುಖ್ಯರಾದವರು ನಾಲ್ವರು: ಬರೆದು ನಿರ್ದೇಶಿಸಿದವರು, ನಾಯಕನ ಪಾತ್ರದ ನಟ, ತಾಯಿಯ ಪಾತ್ರಕ್ಕೆ ಬಂದ ಕಂಪನಿ ನಾಟಕದ ಹಿರಿಯ ಕಲಾವಿದೆ, ಮತ್ತು ಗದಗಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಒಬ್ಬರು. ಇವರು ಸಲಿಂಗಿ. ತಂಡದ ಮೂವರಿಗೆ ಮಾತ್ರ ಆ ಸಂಗತಿ ಗೊತ್ತು. ಕರಡು ಓದಿ ಅಭಿಪ್ರಾಯ ಹೇಳಲು ಒಪ್ಪಿಕೊಂಡವರು, ರೀಡಿಂಗ್‌ಗೆ (ಚಿತ್ರಕಥೆಯನ್ನು ಓದುತ್ತ ಆಡಿ ತೋರಿಸುವ ಸಭೆಗೆ) ಬಂದಾಗ ‘ನಿರ್ದೇಶಕರ ಸ್ನೇಹಿತರು’ ಎಂದಷ್ಟೇ ಪರಿಚಯಿಸಬೇಕು ಎಂದು ಷರತ್ತು ಹಾಕಿದ್ದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಕೆಳಗೆ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದಿದೆ. ಆದರೆ ಬಾಡಿಗೆ ಮನೆ, ಬ್ರಾಂಚಿನ ಸಹೋದ್ಯೋಗಿಗಳು, ತಂಗಿಯ ಲಗ್ನದ ಮಾತುಕತೆ ಇವ್ಯಾವೂ ಕೋರ್ಟಿನ ಕೈಯಲ್ಲಿಲ್ಲ. ತಂಡ ಷರತ್ತನ್ನು ಕಡೆತನಕ ಪಾಲಿಸಿತು. ಚಿತ್ರದ ಕೊನೆಯ ಹೆಸರುಗಳ ಪಟ್ಟಿಯಲ್ಲೂ ಅವರಿಲ್ಲ.

ಮೊದಲ ಕರಡು

ಮೊದಲ ಕರಡು ತಮಾಷೆಯದಾಗಿತ್ತು. ಜನ ನಗುನಗುತ್ತ ಒಪ್ಪಿಕೊಳ್ಳಲಿ ಎಂಬುದು ನಿರ್ದೇಶಕರ ಉದ್ದೇಶ. ಮನೆ ಮಾಲಕಿ ಬಾಡಿಗೆ ಕೇಳಲು ಬಾಗಿಲು ತಳ್ಳುತ್ತಾಳೆ. ಒಳಗೆ ಇಬ್ಬರೂ ಕೆಟ್ಟ ಫ್ಯಾನ್ ಬಿಚ್ಚುತ್ತ ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ. ಮಾಲಕಿ ‘ಶಿವನ!’ ಎಂದು ಬಾಯಿಗೆ ಸೆರಗು ಹಚ್ಚಿಕೊಳ್ಳುತ್ತಾಳೆ. ಇಂಥ ದೃಶ್ಯ ನಾಲ್ಕಿದ್ದವು.

ರೀಡಿಂಗ್‌ಗೆ ಹೊರಗಿನ 18 ಜನರನ್ನು ಕರೆದರು. ಕಾಲೇಜು ಹುಡುಗರು, ಇಬ್ಬರು ನಿವೃತ್ತ ಶಿಕ್ಷಕರು, ಒಬ್ಬ ಖಾನಾವಳಿ ಮಾಲಕ, ನಾಲ್ಕು ಜನ ಗೃಹಿಣಿಯರು. ಇಲ್ಲಿ ತಂಡ ಮಾಡಿದ ಒಂದು ವ್ಯವಸ್ಥೆ ಬಹಳ ಉಪಯೋಗಕ್ಕೆ ಬಂತು. ಒಬ್ಬರು ಚಿತ್ರಕಥೆಯ ಪ್ರತಿ ಹಿಡಿದು ಸಭೆಯ ಕಡೆ ಮುಖಮಾಡಿ ಕೂತು, ಯಾವ ಸಾಲಿಗೆ ನಗು ಬಂತೋ ಅದರ ಅಂಚಿಗೆ ‘ನ’ ಎಂದು, ಕುರ್ಚಿ ಸರಿದಾಡಿದರೆ, ಮೊಬೈಲು ಹೊರಬಂದರೆ ‘ಗ’ ಎಂದು ಗುರುತು ಹಾಕಿದರು. ಓದು ಮುಗಿದ ಮೇಲೆ ‘ಹೆಂಗನಸ್ತು?’ ಎಂದು ಕೇಳಿದರೆ ಎಲ್ಲರೂ ‘ಚಲೋ ಐತ್ರಿ’ ಎನ್ನುತ್ತಾರೆ. ಅಂಚಿನ ಗುರುತಿಗೆ ಯಾರ ಮುಲಾಜೂ ಇಲ್ಲ.

ಹನ್ನೊಂದು ಕಡೆ ‘ನ’ ಬಿದ್ದಿತ್ತು. ಅದರಲ್ಲಿ ಎಂಟು, ನಾಯಕ ಬಾಯಿ ತೆರೆಯುವ ಮೊದಲೇ: ಅವನ ನಡಿಗೆಗೆ, ಕೈ ತಿರುವಿದ್ದಕ್ಕೆ, ಮಾಲಕಿಯ ಮುಖಭಾವಕ್ಕೆ. ಅಂದರೆ ಸಭೆ ನಕ್ಕದ್ದು ಅವನು ಹೇಳಿದ ಮಾತಿಗಲ್ಲ, ಅವನು ಅಂಥವನು ಎಂಬುದಕ್ಕೆ. ಅವನು ಮಾತಾಡತೊಡಗಿದ ಮೇಲೆ, ಗೆಳೆಯನ ಮೇಲಿನ ಪ್ರೀತಿಯನ್ನು ನಿಜವಾಗಿ ಹೇಳುವ ಪುಟಗಳಲ್ಲಿ, ಸಾಲುಸಾಲು ‘ಗ’. ಹತ್ತು ನಿಮಿಷ ನಗೆಪಾಟಲು ಮಾಡಿದ ಮನುಷ್ಯನ ನೋವನ್ನು ಹನ್ನೊಂದನೇ ನಿಮಿಷಕ್ಕೆ ನಂಬಿರಿ ಎಂದರೆ ಯಾರೂ ನಂಬುವುದಿಲ್ಲ.

ಆ ಮಾಲಕಿಯ ದೃಶ್ಯ ಎಲ್ಲಿಂದ ಬಂತೆಂದು ಹುಡುಕಿದರೆ ದೂರ ಹೋಗಬೇಕಿಲ್ಲ. ‘ಕಲ್ ಹೋ ನಾ ಹೋ’ (2003) ಚಿತ್ರದ ಕಾಂತಾಬೆನ್ ಇಬ್ಬರು ಗಂಡಸರನ್ನು ತಪ್ಪು ತಿಳಿದು ಹೌಹಾರುವ ಪ್ರಸಂಗವೇ ಇದು. ‘ದೋಸ್ತಾನಾ’ (2008) ಚಿತ್ರದಲ್ಲಿ ಇಬ್ಬರು ಗಂಡಸರು ಫ್ಲ್ಯಾಟು ಸಿಗಲೆಂದು ಜೋಡಿಯ ಸೋಗು ಹಾಕುತ್ತಾರೆ. ಎರಡರಲ್ಲೂ ಆ ಇಬ್ಬರು ಸಲಿಂಗಿಗಳಲ್ಲ, ಇರಬಹುದೆಂಬ ಭಯದ ತಮಾಷೆಯೇ ಇದೆ. ಅಂಥ ತಮಾಷೆಯನ್ನು ನಿಜವಾದ ಜೋಡಿಯ ಕಥೆಗೆ ತಂದರೆ ಜೋಡಿಯೇ ಸೋಗಿನಂತೆ ಕಾಣುತ್ತದೆ. ಇನ್ನೊಂದು ಮಾತು: ಸಪ್ತಾಪುರದಲ್ಲಿ ಇಬ್ಬರು ಗಂಡಸರು ಒಂದು ಖೋಲಿಯಲ್ಲಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಖೋಲಿಗೆ ಮೂವರು ನಾಲ್ವರು ಇರುವ ಓಣಿ ಅದು. ಮಾಲಕಿಗೆ ಬಾಡಿಗೆ ಒಂದನೇ ತಾರೀಖಿಗೆ ಬಂದರೆ ಸಾಕು. ಗುಟ್ಟು ಬಯಲಾಗುವ ಭಯ ಇಲ್ಲಿ ಬಾಗಿಲಿನಿಂದ ಬರುವುದಿಲ್ಲ, ಊರಿಂದ ಬರುವ ಫೋನಿನಿಂದ ಬರುತ್ತದೆ. ಮುಂದೆ ಇದೇ ಕಥೆಯನ್ನು ಉಳಿಸಿತು.

ನಟನ ನಡಿಗೆಗೂ ಒಂದು ಕಾರಣವಿತ್ತು. ಆತ ಸಣ್ಣಾಟದಲ್ಲಿ ಹೆಣ್ಣಿನ ಪಾರ್ಟು ಮಾಡಿ ಹೆಸರು ಮಾಡಿದವನು. ಪಾತ್ರ ಸಲಿಂಗಿ ಎಂದ ಕೂಡಲೇ ಮೈಗೆ ಗೊತ್ತಿದ್ದ ಆ ಲಯಕ್ಕೇ ಹೋದ. ಕಲೆಯಾಗಿ ಅದು ದೊಡ್ಡ ವಿದ್ಯೆ, ಆದರೆ ಇಲ್ಲಿ ಬೇಕಾದದ್ದು ಅದಲ್ಲ. ಮೆದು ನಡಿಗೆಯ ಸಲಿಂಗಿಗಳು ಇದ್ದಾರೆ, ಅವರನ್ನು ತೆರೆಯಿಂದ ಓಡಿಸುವುದೂ ಅನ್ಯಾಯವೇ. ತಪ್ಪಿದ್ದದ್ದು ನಡಿಗೆಯಲ್ಲಲ್ಲ, ನಡಿಗೆಯ ಹೊರತು ಪಾತ್ರಕ್ಕೆ ಬೇರೇನೂ ಇಲ್ಲದ್ದರಲ್ಲಿ.

ಎರಡನೇ ಕರಡು

ನಗು ತೆಗೆದು ಕಣ್ಣೀರು ತುಂಬಿದರು. ಎರಡನೇ ಕರಡಿನಲ್ಲಿ ಮನೆಯವರು ನಾಯಕನನ್ನು ಡಾಕ್ಟರ ಹತ್ತಿರ ಒಯ್ಯುತ್ತಾರೆ, ಡಾಕ್ಟರು ‘ಕೌನ್ಸೆಲಿಂಗ್ ಮಾಡಿದ್ರ ಸರಿಹೋಗ್ತದ’ ಎನ್ನುತ್ತಾರೆ. ನಾಯಕ ತಾಯಿಯ ಮುಂದೆ ‘ಅವ್ವಾ, ನಾ ಗೇ ಅದೀನಿ’ ಎಂದು ಹೇಳಿ ಕುಸಿಯುತ್ತಾನೆ, ಕೊನೆಗೆ ಗೆಳೆಯ ಜೀವ ಕಳೆದುಕೊಳ್ಳುತ್ತಾನೆ. ರೀಡಿಂಗ್‌ನಲ್ಲಿ ಒಂದೂ ‘ಗ’ ಇಲ್ಲ. ಮೂರ್ನಾಲ್ಕು ಜನ ಕಣ್ಣೊರೆಸಿಕೊಂಡರು. ಗೆದ್ದೆವೆಂದೇ ತಂಡ ತಿಳಿಯಿತು.

ಗದಗಿನ ಬ್ಯಾಂಕಿನವರು ಅಂದು ಮಾತಾಡಲಿಲ್ಲ. ಮರುದಿನ ನಿರ್ದೇಶಕರಿಗೆ ಫೋನಿನಲ್ಲಿ ಹೇಳಿದ್ದು: ‘ಸತ್ತ ಮ್ಯಾಲೆ ನಮ್ಮನ್ನ ಎಲ್ಲಾರೂ ಪ್ರೀತಿ ಮಾಡ್ತಾರ್ರಿ. ಇದ್ದಾಗ ಒಂದೀಟು ಜಾಗಾ ಕೊಡ್ರಿ ಅಂತ ಕೇಳಾಕತ್ತೀವಿ.’ ರೀಡಿಂಗ್‌ಗೆ ಬಂದಿದ್ದ ಒಬ್ಬ ತಾಯಿ ಹೊರಡುವಾಗ ಅಂದ ಮಾತನ್ನೂ ಅವರು ನೆನಪಿಸಿದರು: ‘ಪಾಪ, ಮೊದಲ ಚಲೋ ಡಾಕ್ಟರ್ಗೆ ತೋರಿಸಿದ್ರ ಉಳೀತಿದ್ದನೇನೋ.’ ಆಕೆಯಲ್ಲಿ ಕರುಣೆ ಹುಟ್ಟಿತ್ತು. ಆ ಕರುಣೆ ಹುಡುಗನನ್ನು ರೋಗಿ ಮಾಡಿತ್ತು.

ಸಾವಿನ ಈ ಚಾಳಿ ಬಹಳ ಹಳೆಯದು, ಅದಕ್ಕೆ ಕಾರಣವೂ ದಾಖಲಾಗಿದೆ. ಹಾಲಿವುಡ್ಡಿನ ನಿರ್ಮಾಪಕರು 1930ರಲ್ಲಿ ತಾವೇ ಒಪ್ಪಿ 1934ರಿಂದ ಕಟ್ಟುನಿಟ್ಟಾಗಿ ನಡೆಸಿದ ನೀತಿಸಂಹಿತೆಯಲ್ಲಿ ‘ಲೈಂಗಿಕ ವಿಕೃತಿ’ಯ ಸುಳಿವೂ ತೆರೆಯ ಮೇಲೆ ಬರಕೂಡದು ಎಂದಿತ್ತು. ಅದರ ಪರಿಣಾಮವನ್ನು ಒಬ್ಬನೇ ನಿರ್ದೇಶಕನ ಎರಡು ಚಿತ್ರಗಳಲ್ಲಿ ನೋಡಬಹುದು. ಲಿಲಿಯನ್ ಹೆಲ್ಮನ್‌ರ 1934ರ ನಾಟಕದಲ್ಲಿ ಇಬ್ಬರು ಶಿಕ್ಷಕಿಯರ ನಡುವೆ ಪ್ರೇಮವಿದೆ ಎಂದು ಒಬ್ಬ ವಿದ್ಯಾರ್ಥಿನಿ ಗಾಳಿಮಾತು ಹಬ್ಬಿಸುತ್ತಾಳೆ. ವಿಲಿಯಂ ವೈಲರ್ ಅದನ್ನು 1936ರಲ್ಲಿ ‘ದೀಸ್ ಥ್ರೀ’ ಎಂಬ ಚಿತ್ರ ಮಾಡಿದಾಗ, ಒಬ್ಬ ಶಿಕ್ಷಕಿಗೂ ಇನ್ನೊಬ್ಬಳ ಭಾವೀ ಗಂಡನಿಗೂ ಸಂಬಂಧ ಎಂದು ಗಾಳಿಮಾತನ್ನೇ ಬದಲಿಸಬೇಕಾಯಿತು. ಸಂಹಿತೆ ಸಡಿಲವಾದ 1961ರಲ್ಲಿ ಅದೇ ವೈಲರ್ ಅದೇ ನಾಟಕವನ್ನು ‘ದಿ ಚಿಲ್ಡ್ರನ್ಸ್ ಅವರ್’ ಎಂದು ತೆಗೆದು ಮೂಲಕ್ಕೆ ನಿಷ್ಠರಾದರು. ಆದರೆ ಗೆಳತಿಯನ್ನು ನಿಜವಾಗಿ ಪ್ರೀತಿಸಿದ್ದೇನೆ ಎಂದು ಒಪ್ಪಿಕೊಂಡ ಮಾರ್ಥಾ ಕೊನೆಗೆ ಜೀವ ಕಳೆದುಕೊಳ್ಳುತ್ತಾಳೆ. ಇರುವುದೇ ಇಲ್ಲ ಎಂಬಲ್ಲಿಂದ, ಇರಬಹುದು ಆದರೆ ಉಳಿಯಕೂಡದು ಎಂಬಲ್ಲಿಗೆ ಬರಲು 25 ವರ್ಷ ಹಿಡಿಯಿತು. ಟಿವಿಯಲ್ಲಿ ಈ ಚಾಳಿ ಇನ್ನೂ ಬಾಳಿತು. 2016ರಲ್ಲಿ ಅಮೆರಿಕದ ‘ದಿ 100’ ಧಾರಾವಾಹಿಯಲ್ಲಿ ಲೆಕ್ಸಾ ಎಂಬ ನಾಯಕಿ ಪ್ರೇಯಸಿಯೊಂದಿಗೆ ಒಂದಾದ ಬೆನ್ನಿಗೇ ಸತ್ತಾಗ ನೋಡುಗರು ಸಿಟ್ಟಿಗೆದ್ದದ್ದು ಇದೇ ಕಾರಣಕ್ಕೆ. ಇತ್ತ ‘ಗರ್ಲ್‌ಫ್ರೆಂಡ್’ (2004) ಎಂಬ ಹಿಂದಿ ಚಿತ್ರ ಹೆಣ್ಣನ್ನು ಪ್ರೀತಿಸುವ ಹೆಣ್ಣನ್ನು ಕೊಲ್ಲಲೂ ಹೇಸದವಳಾಗಿ ತೋರಿಸಿತು.

ನಮ್ಮ ತಂಡದವರಿಗೆ ಕೆಟ್ಟ ಉದ್ದೇಶ ಒಂದಿಷ್ಟೂ ಇರಲಿಲ್ಲ. ಆದರೆ ಪೆನ್ನು ತಾನಾಗಿಯೇ ಆ ಜಾಡಿಗೆ ಇಳಿಯಿತು, ಏಕೆಂದರೆ ಅವರು ನೋಡಿ ಬೆಳೆದ ಚಿತ್ರಗಳೆಲ್ಲ ಅಲ್ಲಿಯೇ ಓಡಾಡಿದ್ದವು.

ಡಾಕ್ಟರ ದೃಶ್ಯದಲ್ಲಿದ್ದದ್ದು ನೇರವಾದ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೇಮವನ್ನು 1990ರಲ್ಲೇ ರೋಗಗಳ ಪಟ್ಟಿಯಿಂದ ತೆಗೆದಿದೆ. ‘ಸರಿಮಾಡುವ’ ಚಿಕಿತ್ಸೆ ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಆಗಸ್ಟ್‌ನಲ್ಲಿ ರಾಜ್ಯ ವೈದ್ಯಕೀಯ ಮಂಡಳಿಗಳಿಗೆ ಬರೆದು ತಿಳಿಸಿದೆ. ಪಾತ್ರವೊಂದು ತಪ್ಪು ಹೇಳಬಹುದು, ಆದರೆ ಬಿಳಿ ಕೋಟಿನ ಬಾಯಲ್ಲಿ ಬಂದು ಚಿತ್ರದಲ್ಲಿ ಯಾರೂ ಅದನ್ನು ಅಲ್ಲಗಳೆಯದಿದ್ದರೆ ನೋಡುವ ತಂದೆತಾಯಿ ಅದನ್ನು ಸಲಹೆ ಎಂದೇ ತೆಗೆದುಕೊಳ್ಳುತ್ತಾರೆ. ದೃಶ್ಯವನ್ನು ಇಡಿಯಾಗಿ ಕಿತ್ತರು.

ತಾಯಿ ಪಾತ್ರದವರ ತಕರಾರು

ಇಡೀ ಪ್ರಕರಣದ ದೊಡ್ಡ ತಿರುವು ಬಂದದ್ದು ಸಿನಿಮಾ ಚರಿತ್ರೆ ಓದಿದವರಿಂದಲ್ಲ. ನಲವತ್ತು ವರ್ಷ ಕಂಪನಿ ನಾಟಕದಲ್ಲಿ ಪಾತ್ರ ಮಾಡಿದ ಕಲಾವಿದೆ, ‘ಅವ್ವಾ, ನಾ ಗೇ ಅದೀನಿ’ ಎಂಬ ದೃಶ್ಯದ ತಾಲೀಮಿನಲ್ಲಿ ನಿಂತುಬಿಟ್ಟರು.

‘ಸಾಹೇಬ್ರ, ಈ ಮಾತು ಕೇಳಿ ನಾ ಬೆಚ್ಚಿಬೀಳಬೇಕಂತ ಬರ್ದೀರಿ. ಯಾಕ ಬೀಳ್ಲಿ? ಆರು ವರ್ಷ ಆತು, ಮಗನ ಖೋಲಿಗೆ ಬಂದು ಹೋಗಾಕತ್ತೀನಿ. ಒಂದ ಹಾಸಗಿ, ಒಂದ ಟ್ರಂಕು ನೋಡೀನಿ. ಆ ಹುಡುಗ್ಗೂ ಸೇರಿಸಿ ಚಟ್ನಿಪುಡಿ ಕಟ್ಟಿ ಕಳಿಸೀನಿ. ನನಗ ಗೊತ್ತಿಲ್ಲೇನ್ರಿ? ಗೊತ್ತೈತಿ. ಅಂವಾ ಹೇಳಬಾರದಂತ ದೇವರಿಗೆ ಬೇಡ್ಕೊಳಾಕತ್ತೀನಿ.’

ಈ ಮಾತಿನಿಂದ ಚಿತ್ರಕಥೆ ಮಗುಚಿ ಬಿತ್ತು. ಅಲ್ಲಿಯತನಕ ತಂಡ, ಸಲಿಂಗಿಯ ಕಥೆ ಎಂದರೆ ‘ಹೇಳುವ ದೃಶ್ಯ’ ಇರಲೇಬೇಕು ಎಂದುಕೊಂಡಿತ್ತು. ಅದಕ್ಕೆ ಕಾರಣವಿದೆ. 1997ರ ಏಪ್ರಿಲ್ 30ರಂದು ಅಮೆರಿಕದ ‘ಎಲೆನ್’ ಧಾರಾವಾಹಿಯಲ್ಲಿ ನಾಯಕಿ ವಿಮಾನ ನಿಲ್ದಾಣದ ಮೈಕಿನ ಮುಂದೆ ತಾನು ಯಾರೆಂದು ಹೇಳಿಕೊಂಡದ್ದನ್ನು ಕೋಟಿಗಟ್ಟಲೆ ಜನ ನೋಡಿದರು. ನಟಿ ಎಲೆನ್ ಡಿಜೆನೆರಸ್ ಅದೇ ಹೊತ್ತಿಗೆ ತನ್ನ ನಿಜ ಬದುಕಿನಲ್ಲೂ ಹೇಳಿಕೊಂಡಿದ್ದರು. ಮರುವರ್ಷ ಧಾರಾವಾಹಿ ನಿಂತಿತು, ಆದರೆ ಆ ದೃಶ್ಯದ ಅಚ್ಚು ಉಳಿಯಿತು. ನಮ್ಮ ಹಿಂದಿ ಚಿತ್ರಗಳೂ ಅದನ್ನು ತಮ್ಮ ತಮ್ಮ ರೀತಿಯಲ್ಲಿ ಬಳಸಿದವು. ‘ಏಕ್ ಲಡ್ಕಿ ಕೋ ದೇಖಾ ತೋ ಐಸಾ ಲಗಾ’ (2019) ಅದನ್ನು ನಾಟಕದ ವೇದಿಕೆಗೆ ಒಯ್ದರೆ, ‘ಶುಭ್ ಮಂಗಲ್ ಝ್ಯಾದಾ ಸಾವಧಾನ್’ (2020) ಮದುವೆ ಮನೆಯ ಗದ್ದಲದ ನಡುವೆ ಇಟ್ಟಿತು.

ಗಂಡ ಹೆಂಡತಿಯೇ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯದ, ಅಪ್ಪ ಮಗ ಮುಖಾಮುಖಿ ಕೂತು ಹತ್ತು ಮಾತಾಡದ ನಮ್ಮ ಕಡೆಯ ಮನೆಗಳಲ್ಲಿ ಮಗ ತಾಯಿಯ ಎದುರು ನಿಂತು ತನ್ನ ದಾಂಪತ್ಯದ ಬಗ್ಗೆ ಘೋಷಣೆ ಮಾಡುತ್ತಾನೆ ಎಂದರೆ, ಅದು ಸಲಿಂಗಿ ವಿಷಯವಾದ್ದರಿಂದ ಅಸಹಜ ಅನಿಸುವುದಿಲ್ಲ, ಘೋಷಣೆಯಾದ್ದರಿಂದಲೇ ಅಸಹಜ ಅನಿಸುತ್ತದೆ. ಗೊತ್ತಿದ್ದೂ ಆಡದಿರುವುದು ಇಲ್ಲಿಯ ನಡಾವಳಿ. ಅದರಲ್ಲಿ ಪ್ರೀತಿಯೂ ಇದೆ, ಕ್ರೌರ್ಯವೂ ಇದೆ. ಮಲಯಾಳದ ‘ಕಾದಲ್ ದಿ ಕೋರ್’ (2023) ಇದನ್ನು ಚೆನ್ನಾಗಿ ಹಿಡಿದ ಚಿತ್ರ. ಮಮ್ಮುಟ್ಟಿಯ ಮ್ಯಾಥ್ಯೂ ತಾನಾಗಿ ಏನನ್ನೂ ಸಾರುವುದಿಲ್ಲ. ಹೆಂಡತಿ ಓಮನಾ ಹಾಕಿದ ವಿಚ್ಛೇದನದ ಅರ್ಜಿಯಿಂದ ಸಂಗತಿ ಊರಿಗೆ ಗೊತ್ತಾಗುತ್ತದೆ, ಮತ್ತು ಆ ಮನೆಯಲ್ಲಿ ಕೆಲವರಿಗೆ ಅದು ಮೊದಲೇ ಗೊತ್ತಿತ್ತು.

ಹೀಗಾಗಿ ಮೂರನೇ ಕರಡಿಗೆ ತಾಯಿಯ ದೃಶ್ಯ ಹೊಸದಾಗಿ ಬರೆದರು. ತಾಯಿ ಅಂಗಡಿಗೆ ಬರುತ್ತಾಳೆ. ಮಗ 180 ಪುಟದ ನೋಟ್ಸಿಗೆ ಸ್ಪೈರಲ್ ಬೈಂಡಿಂಗ್ ಮಾಡುತ್ತಿದ್ದಾನೆ: ಹತ್ತು ಹದಿನೈದು ಹಾಳೆಯ ಕಟ್ಟನ್ನು ಯಂತ್ರಕ್ಕೆ ಕೊಟ್ಟು ಹಿಡಿಕೆ ಒತ್ತುವುದು, ತೂತು ಸಮ ಬಂದಿವೆಯೇ ಎಂದು ತಟ್ಟಿ ನೋಡುವುದು, ಮುಂದೆ ಪ್ಲಾಸ್ಟಿಕ್ ಹಾಳೆ, ಹಿಂದೆ ದಪ್ಪ ರಟ್ಟು ಇಟ್ಟು ಸುರುಳಿ ತಿರುವಿ ಎರಡೂ ತುದಿ ಇಕ್ಕಳದಿಂದ ಮಡಿಸುವುದು. ತಾಯಿ ಹುಬ್ಬಳ್ಳಿಯ ಕನ್ಯಾದ ಸುದ್ದಿ ಹೇಳುತ್ತಾಳೆ. ಮಗ ಕೇಳುತ್ತಾನೆ: ‘ಅವ್ವಾ, ಖರೇನ ಹೋಗೂದೈತೇನು?’ ಅವಳು ಮಗನ ಮುಖ ನೋಡದೆ, ‘ಮಂದಿ ಕೇಳತಾರಪಾ’ ಎನ್ನುತ್ತಾಳೆ. ಇಬ್ಬರೂ ಏನು ಮಾತಾಡುತ್ತಿದ್ದಾರೆ ಎಂಬುದು ಇಬ್ಬರಿಗೂ ಗೊತ್ತು, ಸಭೆಗೂ ಗೊತ್ತು. ನಟನಿಗೆ ಸಪ್ತಾಪುರದ ಒಂದು ಅಂಗಡಿಯಲ್ಲಿ ಬೈಂಡಿಂಗ್ ಕಲಿಯಲು ಹೇಳಿದ್ದರು. ಕೈಗೆ ನಿಜವಾದ ಕೆಲಸ ಬಂದ ಮೇಲೆ ಆ ಹಳೆಯ ನಡಿಗೆ, ಕೈತಿರುವು ಯಾರೂ ಹೇಳದೆಯೇ ಬಿದ್ದುಹೋದವು. ಪಾತ್ರದಿಂದ ಸಲಿಂಗಿಯ ಅಂಶ ತೆಗೆದರೂ ಅವನಲ್ಲಿ ಒಬ್ಬ ಮನುಷ್ಯ ಉಳಿಯಬೇಕು, ಕಥೆಯಿಂದ ಅವನನ್ನು ತೆಗೆದರೆ ಕಥೆಯೇ ಕುಸಿಯಬೇಕು. ತೆರೆಯ ಮೇಲೆ ಸಲಿಂಗಿಗಳ ಚಿತ್ರಣವನ್ನು ಗಮನಿಸುವ ಅಮೆರಿಕದ ಗ್ಲಾಡ್ ಸಂಸ್ಥೆ, ಸಿನಿಮಾ ಚರಿತ್ರಕಾರ ವಿಟೊ ರುಸ್ಸೊ ಹೆಸರಿನಲ್ಲಿ 2013ರಿಂದ ಬಳಸುವ ಒರೆಗಲ್ಲು ಹೆಚ್ಚುಕಡಿಮೆ ಇದೇ. ಈ ದೃಶ್ಯ ಅದಕ್ಕೆ ನಿಲ್ಲುತ್ತದೆ.

ಕನ್ಯಾ

ಇನ್ನೊಂದು ತಪ್ಪನ್ನು ಧ್ವನಿ ನೋಡಿಕೊಳ್ಳುತ್ತಿದ್ದ ತಂಡದ ಹುಡುಗಿ ಹಿಡಿದಳು. ಹುಬ್ಬಳ್ಳಿಯ ಕನ್ಯಾ ಎರಡೂ ಕರಡಿನಲ್ಲಿ ಚಹಾದ ಟ್ರೇ ಹಿಡಿದು ಬಂದು ಹೋಗುವವಳು, ಅಷ್ಟೇ. ‘ಆ ಹುಡುಗಿ ಏನ್ ತಪ್ಪ ಮಾಡ್ಯಾಳ್ರಿ? ಅಕಿ ಬಾಳ್ವೆ ಹಾಳಾಗೂದು ಯಾರಿಗೂ ಕಾಣವಲ್ತು’ ಎಂಬುದು ಅವಳ ಪ್ರಶ್ನೆ. ಸಲಿಂಗಿ ಗಂಡಸಿನ ಮೇಲೆ ಕರುಣೆ ಹುಟ್ಟಿಸಲು ಹೊರಟ ಎಷ್ಟೋ ಕಥೆಗಳು ಅವನಿಗೆ ಕಟ್ಟಿದ ಹೆಣ್ಣನ್ನು ಮರೆತುಬಿಡುತ್ತವೆ. ‘ಕಾದಲ್’ನ ಓಮನಾಳ ಅರ್ಜಿಗೆ ಅಷ್ಟು ತೂಕ ಬಂದದ್ದು ಆ ಮರೆವನ್ನು ಅವಳು ಒಪ್ಪದ ಕಾರಣಕ್ಕೆ.

ಒಬ್ಬರು, ಕನ್ಯಾಳನ್ನೂ ಸಲಿಂಗಿ ಮಾಡಿದರೆ ಇಬ್ಬರಿಗೂ ಅನುಕೂಲವಾಗುತ್ತದಲ್ಲ ಎಂದರು. ‘ಬಧಾಯಿ ದೋ’ (2022) ಅದೇ ಏರ್ಪಾಡಿನ ಮೇಲೆ ನಿಂತಿದೆ: ಪೊಲೀಸನೂ ಪಿ.ಟಿ. ಟೀಚರೂ ಮನೆಯವರ ಕಾಟ ತಪ್ಪಿಸಿಕೊಳ್ಳಲು ಲಗ್ನವಾಗುತ್ತಾರೆ. ಅಲ್ಲಿ ಅವಳಿಗೆ ತನ್ನದೇ ಪ್ರೇಮಕ್ಕೆ ಇಡೀ ಚಿತ್ರದಷ್ಟು ಜಾಗವಿದೆ. 24 ನಿಮಿಷದಲ್ಲಿ ಹಾಗೆ ಮಾಡಿದರೆ ಅವಳು ನಾಯಕನ ಕಷ್ಟ ಬಗೆಹರಿಸಲು ಬಂದ ಕೀಲಿಕೈ ಆಗುತ್ತಾಳೆ. ಸಲಹೆ ಬಿಟ್ಟದ್ದು ಸರಿಯಾದ ತೀರ್ಮಾನ.

ಬದಲಿಗೆ, ಹಿರಿಯರು ‘ಒಂದೀಟು ಮಾತಾಡ್ರಿ’ ಎಂದು ಇಬ್ಬರನ್ನೂ ಹಿತ್ತಲಿಗೆ ಕಳಿಸಿದಾಗ ಕನ್ಯಾಳೇ ಕೇಳುತ್ತಾಳೆ: ‘ನಿಮಗ ಈ ಲಗ್ನ ಬೇಕಾಗೇತೇನ್ರಿ?’ ಅವನು ಇಲ್ಲ ಎನ್ನುತ್ತಾನೆ. ‘ನಾ ಒಬ್ಬರ ಜೋಡಿ ಸಂಸಾರ ಮಾಡಾಕತ್ತೀನ್ರಿ’ ಎಂದು ಗೆಳೆಯನ ಹೆಸರು ಹೇಳುತ್ತಾನೆ. ತಾಯಿಗೆ ಹೇಳದ ಮಾತು, ಕೇಳುವ ಹಕ್ಕು ನಿಜವಾಗಿ ಯಾರಿಗಿತ್ತೋ ಅವಳಿಗೆ ಸಿಕ್ಕಿತು. ಅವಳು ಅಳುವುದಿಲ್ಲ, ಆಶೀರ್ವಾದವನ್ನೂ ಮಾಡುವುದಿಲ್ಲ. ‘ಇದನ್ನ ಫೋನ್‌ನ್ಯಾಗ ಹೇಳಿದ್ರ ನಮ್ಮಪ್ಪಾರದು ಒಂದ ದಿನದ ಪಗಾರ ಉಳೀತಿತ್ತಲ್ರಿ’ ಎಂದು ಸಿಟ್ಟಾಗುತ್ತಾಳೆ. ಮೂರನೇ ರೀಡಿಂಗ್‌ನಲ್ಲಿ ಇದಕ್ಕೆ ದೊಡ್ಡ ‘ನ’ ಬಿತ್ತು. ಮೊದಲ ಕರಡಿನ ನಗುವಿಗೂ ಇದಕ್ಕೂ ಅಜಗಜಾಂತರ. ಇಲ್ಲಿ ನಗು ಅವಳ ಮಾತಿನದು, ಅವನು ತಲೆತಗ್ಗಿಸುವುದು ಸಲಿಂಗಿಯಾಗಿದ್ದಕ್ಕಲ್ಲ, ಹೇಳದೆ ಬಂದದ್ದಕ್ಕೆ.

ಎಣ್ಣೆ

ಎಷ್ಟು ತೋರಿಸಬೇಕು? ‘ಕಾದಲ್’ ಇಬ್ಬರ ನಡುವೆ ಮೈಮುಟ್ಟುವಿಕೆಯನ್ನು ತೋರಿಸುವುದೇ ಇಲ್ಲ, ‘ಶುಭ್ ಮಂಗಲ್’ ಮುತ್ತನ್ನೇ ತೋರಿಸಿತು. ನಿರ್ದೇಶಕರು ಮೊದಲನೆಯದರ ಕಡೆ ವಾಲಿದ್ದರು. ಗದಗಿನವರು ಬಿಡಲಿಲ್ಲ. ‘ಏನೂ ತೋರಿಸ್ಲಿಲ್ಲಂದ್ರ ಮಂದಿ ಎಂಥಾ ಗೆಳೆತನ ಅಂತಂದು ಎದ್ದು ಹೋಗ್ತಾರ್ರಿ’ ಎಂದರು. ಕೊನೆಗೆ ಸಿಕ್ಕ ದಾರಿ: ರವಿವಾರ ಮುಂಜಾನೆ ಗೆಳೆಯ ನಾಯಕನ ತಲೆಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಾನೆ. ನಡುವೆ ಕತ್ತರಿಸದೆ ತೆಗೆದ 40 ಸೆಕೆಂಡಿನ ಶಾಟ್, ಹಿನ್ನೆಲೆ ಸಂಗೀತ ಇಲ್ಲ. ಗೆಳೆಯರು ಎಣ್ಣೆ ತಿಕ್ಕಿಕೊಳ್ಳುವುದು ನಮ್ಮಲ್ಲಿ ವಿಶೇಷವಲ್ಲ. ಹತ್ತು ಸೆಕೆಂಡಿನ ತನಕ ಅದು ಗೆಳೆತನವೇ. ಆಮೇಲೆ ಬೆರಳು ನಿಧಾನವಾಗಿ ಹಣೆಯ ಮೇಲೆ ನಿಂತಾಗ ಬೇರೆಯಾಗುತ್ತದೆ. ಸಂಕಲನಕಾರರು ಅದನ್ನು 15 ಸೆಕೆಂಡಿಗೆ ಇಳಿಸಿ ನೋಡಿದರು. ಆಗ ಅರ್ಥವೇ ಹೋಯಿತು. ಪೂರ್ತಿ ಇಟ್ಟರು.

ಪೋಸ್ಟರ್, ಸೆನ್ಸಾರ್, ಸಭಾಂಗಣ

ಮೊದಲ ಪೋಸ್ಟರಿನಲ್ಲಿ ಕಾಮನಬಿಲ್ಲಿನ ಬಣ್ಣದ ಮೇಲೆ ಹಿಡಿದ ಎರಡು ಕೈ ಇದ್ದವು. ಅದು ವಾಟ್ಸಾಪಿನಲ್ಲಿ ಹರಿದಾಡಿ, ಗೆಳೆಯನ ಪಾತ್ರ ಮಾಡಿದ ನಟನ ಮನೆಗೆ ಬೀಗರಾಗುವವರಿಂದ ಫೋನು ಬಂತು. ಪಾತ್ರವೇ ನಟನೆಂದು ತಿಳಿಯುವ ರೂಢಿ ಇನ್ನೂ ಗಟ್ಟಿಯಾಗಿದೆ. ಕಲಾವಿದರನ್ನು ಒಪ್ಪಿಸುವಾಗಲೇ ಈ ಪರಿಣಾಮವನ್ನು ಮನೆಯವರೊಂದಿಗೆ ಕೂತು ಮಾತಾಡಿರಬೇಕಿತ್ತು. ತಂಡ ಪೋಸ್ಟರು ಹಿಂದೆಗೆದು ಅಂಗಡಿಯ ಚಿತ್ರ ಹಾಕಿತು. ಆದರೆ ಆಮಂತ್ರಣದಲ್ಲಿ ‘ಇಬ್ಬರು ಗಂಡಸರ ಪ್ರೇಮದ ಕಥೆ’ ಎಂಬ ಸಾಲನ್ನು ಬಿಡದೆ ಅಚ್ಚು ಹಾಕಿಸಿತು. ಅದು ಮುಖ್ಯ. ಏನೋ ಎಂದು ಬಂದು ಮೋಸಹೋದೆವು ಅನಿಸಿದವರೇ ಸಭೆ ಕೆಡಿಸುತ್ತಾರೆ.

1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಕಿರುಚಿತ್ರವಾದರೂ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಆನ್‌ಲೈನ್ ಅರ್ಜಿ ಹಾಕಿ, ಬೆಂಗಳೂರಿನ ಕಚೇರಿಯಿಂದ ಯುಎ 16+ (16ಕ್ಕಿಂತ ಚಿಕ್ಕವರಿಗೆ ಹಿರಿಯರ ಮಾರ್ಗದರ್ಶನ ಬೇಕೆಂಬ ದರ್ಜೆ) ಪಡೆದರು. 2023ರ ತಿದ್ದುಪಡಿಯಲ್ಲಿ ಯುಎಯನ್ನು 7+, 13+, 16+ ಎಂದು ಮೂರು ಮಾಡಿದ್ದಾರೆ. ಈ ಕಾಗದ ಕೈಯಲ್ಲಿದ್ದದ್ದು ಮುಂದೆ ಬಹಳ ಆಸರೆಯಾಯಿತು. ಹಾಗೆಂದು ಅದೊಂದೇ ರಕ್ಷಣೆಯಲ್ಲ. ಇಬ್ಬರು ಹೆಂಗಸರ ಪ್ರೇಮದ ಕಥೆಯಾದ ದೀಪಾ ಮೆಹ್ತಾರ ‘ಫೈರ್’ಗೂ ಪ್ರಮಾಣಪತ್ರ ಇತ್ತು. 1998ರ ಡಿಸೆಂಬರಿನಲ್ಲಿ ಮುಂಬೈ, ದೆಹಲಿಗಳ ಚಿತ್ರಮಂದಿರಗಳ ಮೇಲೆ ದಾಳಿಯಾಗಿ ಅದು ಮತ್ತೆ ಮಂಡಳಿಗೆ ಹೋಗಬೇಕಾಯಿತು, 1999ರ ಆರಂಭದಲ್ಲಿ ಒಂದೂ ಕತ್ತರಿಯಿಲ್ಲದೆ ಹೊರಬಂತು. ಮೊದಲು ಕೇಳಿದ ಸಭಾಂಗಣದವರು ಚಿತ್ರ ನೋಡಿ, ‘ಹುಡುಗ್ರ ಮ್ಯಾಲೆ ಪರಿಣಾಮ ಆಗ್ತೈತಿ’ ಎಂದು ಒಲ್ಲೆ ಎಂದರು. ಎರಡನೆಯದು 90 ಕುರ್ಚಿಯ ನಾಟಕದ ತಾಲೀಮು ಕೋಣೆ. ಅಲ್ಲಿ ನಡೆಯಿತು.

ಪ್ರದರ್ಶನ

ಎಣ್ಣೆಯ ಶಾಟ್ ಬಂದಾಗ ಆರು ಜನ ಎದ್ದು ಹೋದರು. ಉಳಿದವರು ಕೂತರು. ಚಿತ್ರ ಮುಗಿದ ಮೇಲೆ ಮೈಕು ಕೊಡಲಿಲ್ಲ. ಎಲ್ಲರಿಗೂ ಚೀಟಿ, ಪೆನ್ಸಿಲ್ ಹಂಚಿ, ಹೆಸರಿಲ್ಲದೆ ಒಂದು ಪ್ರಶ್ನೆ ಬರೆಯಲು ಹತ್ತು ನಿಮಿಷ ಕೊಟ್ಟರು. ಮೈಕು ಕೊಟ್ಟರೆ ಜೋರು ದನಿಯವರದ್ದೇ ಸಭೆಯಾಗುತ್ತದೆ, ಮತ್ತು ಅಲ್ಲಿ ಕೂತಿರಬಹುದಾದ ಒಬ್ಬ ಸಲಿಂಗಿ ಹುಡುಗನೋ ಹುಡುಗಿಯೋ ಬಾಯಿ ತೆರೆಯುವುದೇ ಇಲ್ಲ. 41 ಚೀಟಿ ಬಂದವು.

ಅತಿ ಹೆಚ್ಚು ಬಂದ ಪ್ರಶ್ನೆ: ‘ಇವರು ಜೋಗಪ್ಪಗಳೇನು? ಹಂಗಾದ್ರ ಸೀರಿ ಯಾಕ ಉಟ್ಟಿಲ್ಲ?’ ಸವದತ್ತಿ ಯಲ್ಲಮ್ಮನ ಈ ಸೀಮೆಯಲ್ಲಿ ಗಂಡಾಗಿ ಹುಟ್ಟಿ ಗಂಡಿನ ರೂಢಿಗೆ ಹೊರತಾದವರೆಂದರೆ ಜನರಿಗೆ ಮೊದಲು ನೆನಪಾಗುವವರು ಜೋಗಪ್ಪಗಳು. ಇದನ್ನು ಅಜ್ಞಾನ ಎಂದು ತಳ್ಳಿಹಾಕದೆ ಉತ್ತರ ಕೊಟ್ಟದ್ದು ಒಳ್ಳೆಯದಾಯಿತು. ಜೋಗಪ್ಪ, ಜೋಗತಿಯರದು ತಾವು ಗಂಡೋ ಹೆಣ್ಣೋ ಎಂಬ ಅರಿವಿನ ಮತ್ತು ದೇವಿಯ ಸೇವೆಯ ಸಂಗತಿ. ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದದ್ದು, ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರ ಬದುಕಿಗೆ ಸಂಬಂಧಿಸಿದ್ದು. ಈ ಚಿತ್ರದ ಝೆರಾಕ್ಸ್ ಅಂಗಡಿಯವನಿಗೆ ತಾನು ಗಂಡಸು ಎಂಬುದರಲ್ಲಿ ಅನುಮಾನವೇ ಇಲ್ಲ, ಅವನ ಪ್ರೀತಿ ಗಂಡಸಿನ ಮೇಲೆ, ಅಷ್ಟೇ ವ್ಯತ್ಯಾಸ. ಕನ್ನಡ ಕಥಾಲೋಕದಲ್ಲಿ ಇಂಥವನು ವಸುಧೇಂದ್ರರ ‘ಮೋಹನಸ್ವಾಮಿ’ಯಲ್ಲಿ (2013) ಬಂದಾಗಿದೆ. ತೆರೆಯ ಮೇಲೆ ಇನ್ನೂ ಅಪರೂಪ.

ಒಂದು ಚೀಟಿಯಲ್ಲಿ ಹುಡುಗಿಯ ಅಕ್ಷರ: ‘ನಮ್ಮಂಥವರ ಕಥಿ ಯಾಕ ಮಾಡಂಗಿಲ್ಲ?’ ಇದಕ್ಕೆ ತಂಡದ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ನಾಯಕನನ್ನು ಹೆಣ್ಣು ಮಾಡಿದರೆ ಆ ಕಥೆ ಆಗುವುದಿಲ್ಲ. ಆರು ವರ್ಷ ಊರು ಬಿಟ್ಟು ಖೋಲಿ ಮಾಡಿಕೊಂಡಿರುವುದು, ಅಂಗಡಿ ಹಾಕುವುದು, 32ರತನಕ ಲಗ್ನ ಮುಂದೂಡುವುದು ಗಂಡಸಿಗೆ ಸಾಧ್ಯ. ಹೆಣ್ಣಿಗೆ ಕಥೆ ಹೊಸ್ತಿಲಿನೊಳಗೇ ಶುರುವಾಗಬೇಕು. ‘ಫೈರ್’ನ ಇಬ್ಬರೂ ಒಂದೇ ಕೂಡುಕುಟುಂಬದ ಓರಗಿತ್ತಿಯರು, ‘ಸಂಚಾರಂ’ನ (2004) ಇಬ್ಬರೂ ಒಂದೇ ಊರಿನಲ್ಲಿ ಕೂಡಿ ಬೆಳೆದ ಗೆಳತಿಯರು, ‘ಏಕ್ ಲಡ್ಕಿ’ಯಲ್ಲಿ ಅಣ್ಣನೇ ಕಾವಲುಗಾರ. ತಂಡ ಈಗ ಬೇರೆ ಕಥೆ ಬರೆಯುತ್ತಿದೆ, ಬರೆಯುತ್ತಿರುವವರು ಮೂವರು ಹೆಣ್ಣುಮಕ್ಕಳು. ಧ್ವನಿಯ ಹುಡುಗಿ ಅವರಲ್ಲಿ ಒಬ್ಬಳು.

ಆಮೇಲೆ ಮಾಡಿದ ಕತ್ತರಿ

ಪ್ರದರ್ಶನದ ಪ್ರತಿಯಲ್ಲಿ ಕೊನೆಗೆ ತಾಯಿ ಮತ್ತೆ ಅಂಗಡಿಗೆ ಬಂದು, ಬುತ್ತಿಯ ಗಂಟು ಇಟ್ಟು, ‘ಇಬ್ರೂ ಚಂದಾಗಿರ್ರೆಪಾ’ ಎನ್ನುತ್ತಿದ್ದಳು. ಚೀಟಿಗಳಲ್ಲಿ ಬಹಳ ಜನ ಅದನ್ನೇ ಮೆಚ್ಚಿದ್ದರು. ಗದಗಿನವರು ಮಾತ್ರ ಒಪ್ಪಲಿಲ್ಲ: ‘ನಮ್ಮವ್ವ ಹಂಗ ಅನ್ನಂಗಿಲ್ರಿ. ಭಾಳ ಮಂದಿಯ ಅವ್ವಂದ್ರು ಅನ್ನಂಗಿಲ್ಲ. ಅಂದಾಳಂತ ತೋರಿಸಿದ್ರ ಅನ್ನದಿದ್ದವರ ಮಕ್ಕಳಿಗೆ ಇನ್ನೊಂದ ಕೊರಗು.’ ನಿರ್ದೇಶಕರ ವಾದ, ಒಬ್ಬ ತಾಯಿಯಾದರೂ ಹಾಗೆ ಅಂದದ್ದನ್ನು ಜನ ನೋಡಲಿ ಎಂದು. ಎರಡಕ್ಕೂ ತೂಕವಿದೆ. ಹರಸುವ ತಂದೆತಾಯಿಯನ್ನು ತೋರಿಸಿದ ಚಿತ್ರಗಳಿಂದ ಎಷ್ಟೋ ಮನೆಗಳಲ್ಲಿ ಮಾತಿಗೆ ದಾರಿಯಾಗಿದೆ. ಅದೇ ಹರಕೆ ಈಗ ಹಳೆಯ ಸಾವಿನಷ್ಟೇ ಸಲೀಸಾದ ಮುಕ್ತಾಯವೂ ಆಗುತ್ತಿದೆ.

ತಾಯಿ ಪಾತ್ರದ ಕಲಾವಿದೆಯನ್ನು ಕೇಳಿದರು. ಅವರು ಮಾತು ತೆಗೆಯಿರಿ, ಗಂಟು ಇರಲಿ ಎಂದರು. 14 ಸೆಕೆಂಡು ಹೋಯಿತು. ಈಗಿನ ಪ್ರತಿಯಲ್ಲಿ ತಾಯಿ ಬುತ್ತಿ ಇಟ್ಟು, ಮಗ ಆಗಷ್ಟೇ ಬೈಂಡ್ ಮಾಡಿದ ಪುಸ್ತಕ ಕೈಗೆತ್ತಿಕೊಂಡು ‘ಇದಕ್ಕ ಎಷ್ಟ್ ತಗೋತಿ?’ ಎಂದು ಕೇಳುತ್ತಾಳೆ. ಅವನು ದರ ಹೇಳುತ್ತಾನೆ. ಹಾವೇರಿಯಲ್ಲಿ ಮುಂದಿನ ಪ್ರದರ್ಶನಕ್ಕೆ ಹೋಗುವುದು ಈ ಪ್ರತಿ.